ನನ್ನ ಬದಲಿಗೆ ಅರವತ್ತು ಸೆಕೆಂಡು

ಬುಧವಾರ ಬೆಳಿಗ್ಗೆ ಏಳಕ್ಕೆ ರಾಜಾಜಿನಗರದ ಹೋಟೆಲೊಂದರ ಮೊದಲ ಮಹಡಿಯಲ್ಲಿ ನಾವು ಮೂವತ್ತು ಜನ ಸೇರುತ್ತಿದ್ದೆವು. ಎಲ್ಲರೂ ಸಣ್ಣಪುಟ್ಟ ವ್ಯಾಪಾರದವರು. ಪಂಪ್‌ಸೆಟ್ ಮಾರುವವರು, ಆಡಿಟರ್ ಆಫೀಸು ಇಟ್ಟವರು, ಶಾಲೆಗಳಿಗೆ ಯೂನಿಫಾರಂ ಹೊಲಿಸಿಕೊಡುವವರು, ಜಿರಲೆ ತಿಗಣೆಗೆ ಔಷಧಿ ಹೊಡೆಸುವವರು. ಒಂದು ಕಸುಬಿಗೆ ಒಬ್ಬರಿಗೆ ಮಾತ್ರ ಜಾಗ. ನಮಗೆ ಗೊತ್ತಿರುವ ಗಿರಾಕಿಯನ್ನು ಇನ್ನೊಬ್ಬರಿಗೆ ಮುಟ್ಟಿಸಬೇಕು, ಅವರು ನಮಗೆ ಮುಟ್ಟಿಸಬೇಕು. ಅದಕ್ಕಾಗಿಯೇ ಕಟ್ಟಿಕೊಂಡ ಕೂಟ ಅದು. ಇಡ್ಲಿ ವಡೆ ಮುಗಿದ ಮೇಲೆ ಒಬ್ಬೊಬ್ಬರಾಗಿ ಎದ್ದು ನಿಂತು ಅರವತ್ತು ಸೆಕೆಂಡಿನಲ್ಲಿ ತಮ್ಮ ಕೆಲಸದ ಬಗ್ಗೆ ಹೇಳಬೇಕು. ಅಧ್ಯಕ್ಷರ ಮುಂದೆ ಒಂದು ಪುಟ್ಟ ಹಿತ್ತಾಳೆ ಗಂಟೆ. ಸಮಯ ಮೀರಿದರೆ ಬಾರಿಸುತ್ತಿದ್ದರು.

ನನಗೆ ಒಂದು ದಿನವೂ ಆ ಗಂಟೆ ಬಾರಿಸಬೇಕಾಗಿ ಬರಲಿಲ್ಲ. ನನ್ನ ಮಾತು ನಲವತ್ತು ಸೆಕೆಂಡಿಗೇ ಮುಗಿದುಹೋಗುತ್ತಿತ್ತು.

"ನಮಸ್ಕಾರ. ನಿಮ್ಮನ್ನ ಎದುರಿಗೆ ನೋಡೋಕೆ ಮುಂಚೆ ಜನ ನಿಮ್ಮ ಫೋಟೋ ನೋಡ್ತಾರೆ. ನಾನು ಕಾರ್ಪೊರೇಟ್ ಹೆಡ್‌ಶಾಟ್ ತೆಗೀತೀನಿ. ನಿಮ್ಮ ಕಂಪನಿ ವೆಬ್‌ಸೈಟಿಗೆ, ವಿಸಿಟಿಂಗ್ ಕಾರ್ಡಿಗೆ, ನಿಮ್ಮ ಸ್ಟಾಫಿಗೆ. ಸ್ಟುಡಿಯೊ ಚಂದ್ರಾ ಲೇಔಟಲ್ಲಿದೆ. ಬನ್ನಿ."

ಇಷ್ಟು ಹೇಳಿ ಕೂರುತ್ತಿದ್ದೆ. ಪಕ್ಕದಲ್ಲಿ ಯಾವಾಗಲೂ ಪಂಪ್‌ಸೆಟ್ ವ್ಯಾಪಾರದ ಹಿರಿಯರು ಇರುತ್ತಿದ್ದರು. ಅರವತ್ತು ದಾಟಿದ ವಯಸ್ಸು, ಅಗಲವಾದ ಮುಖ, ಬಿಳಿ ಮೀಸೆ. ನಾನು ಕೂತಾಗ ಪ್ರತಿ ವಾರವೂ "ಚೊಲೋ ಹೇಳಿದ್ರಿ" ಎನ್ನುತ್ತಿದ್ದರು. ಆಮೇಲೆ ಅವರ ಸರದಿ ಬರುತ್ತಿತ್ತು. ಎಂಟು ತಿಂಗಳಲ್ಲಿ ಅವರೂ ನಾನೂ ಆಡಿದ ಮಾತು ಅದಕ್ಕಿಂತ ಹೆಚ್ಚೇನೂ ಇರಲಿಲ್ಲ.

ಅದಕ್ಕೆ ಮುಂಚೆ ನಾನು ರಾಜಾಜಿನಗರದ ಒಂದು ಹಳೆಯ ಸ್ಟುಡಿಯೊದಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದ್ದೆ. ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯುವುದು, ಮದುವೆ ಆಲ್ಬಮ್ಮಿನ ಮುಖಗಳನ್ನು ಕಂಪ್ಯೂಟರಿನಲ್ಲಿ ತಿದ್ದುವುದು ನನ್ನ ಕೆಲಸ. ಮಾಲೀಕರು ಕಟ್ಟಡ ಮಾರಿ ಮಗಳ ಮನೆಗೆ ಹೋದರು. ಅದೇ ವರ್ಷ ನನ್ನ ಅಮ್ಮ ತೀರಿಕೊಂಡರು. ಎರಡೂ ಆರು ತಿಂಗಳ ಒಳಗೆ ಆಗಿದ್ದರಿಂದ ಯಾವುದಕ್ಕೆ ಎಷ್ಟು ಅತ್ತೆ ಅನ್ನುವುದು ಈಗಲೂ ನನಗೆ ಸರಿಯಾಗಿ ಗೊತ್ತಿಲ್ಲ. ಮಲ್ಲತ್ತಹಳ್ಳಿಯಲ್ಲಿ ಅಮ್ಮನೂ ನಾನೂ ಇದ್ದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಾನೊಬ್ಬಳೇ ಉಳಿದೆ. ಮದುವೆಗಳ ಕೆಲಸಕ್ಕೆ ಡ್ರೋನ್ ಹಿಡಿದ ಹುಡುಗರ ತಂಡಗಳು ಬಂದಿದ್ದವು. ನಲವತ್ತಕ್ಕೆ ಬಂದ ಹೆಂಗಸನ್ನು ಯಾರು ಕರೆಯುತ್ತಾರೆ? ನನಗೆ ಚೆನ್ನಾಗಿ ಗೊತ್ತಿದ್ದದ್ದು ಒಂದೇ, ಎದೆಯಿಂದ ಮೇಲಕ್ಕೆ ಮನುಷ್ಯರು ಹೇಗೆ ಕಾಣುತ್ತಾರೆ ಅನ್ನುವುದು. ಅದನ್ನೇ ಕಸುಬು ಮಾಡಿಕೊಳ್ಳೋಣ ಎಂದು ಚಂದ್ರಾ ಲೇಔಟಿನ ಒಂದು ಮನೆಯ ಕಾರ್ ಶೆಡ್ ಬಾಡಿಗೆಗೆ ಹಿಡಿದೆ. ಗೋಡೆಗೆ ಬೂದು ಬಣ್ಣ ಬಳಿಸಿ, ಎರಡು ಲೈಟು, ಒಂದು ಸ್ಟೂಲು, ಬಟ್ಟೆ ಬದಲಿಸುವವರಿಗೆ ಒಂದು ಪರದೆ ಹಾಕಿದೆ. ಶಟರ್ ಎತ್ತಿ ಕೂತೆ.

ಕೂತರೆ ಯಾರೂ ಬರುವುದಿಲ್ಲ ಎಂದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ.

ವೆಬ್‌ಸೈಟ್ ಮಾಡಿಸಿದೆ. ಅದರಲ್ಲಿ ಹಾಕಲು ಮುಖಗಳಿರಲಿಲ್ಲ, ತಿದ್ದಿದ ಮುಖಗಳೆಲ್ಲ ಹಳೆಯ ಮಾಲೀಕರ ಸ್ವತ್ತು. ಹಾಗಾಗಿ ಕ್ಯಾಮರಾಕ್ಕೆ ಟೈಮರ್ ಇಟ್ಟು ಸ್ಟೂಲಿನ ಮೇಲೆ ನಾನೇ ಕೂತೆ. ಒಂದು ಸಲ ಕಾಟನ್ ಸೀರೆ, ಒಂದು ಸಲ ಕುರ್ತಾ, ಒಂದು ಸಲ ಎರವಲು ತಂದ ಕಪ್ಪು ಕೋಟು. ಕಂಪ್ಯೂಟರಿನಲ್ಲಿ ಮೂರನ್ನೂ ಜೋಡಿಸಿ ನೋಡಿದಾಗ ಒಂದೇ ಹೆಂಗಸು ಮೂರು ಕಂಪನಿಗಳಲ್ಲಿ ಕೆಲಸ ಮಾಡಿ ಮೂರು ಕಡೆಯೂ ಬೇಸರಪಟ್ಟಂತೆ ಇತ್ತು. ಬೇರೆ ದಾರಿ ಇರಲಿಲ್ಲ, ಅದನ್ನೇ ಹಾಕಿದೆ.

ಬೆಳಿಗ್ಗೆ ಹೊತ್ತು ಮೇಲ್ ಬರೆಯುವುದು, ಮಧ್ಯಾಹ್ನ ಸ್ಕೂಟರಿನಲ್ಲಿ ಆಫೀಸು ಆಫೀಸು ತಿರುಗುವುದು. ವಿಜಯನಗರದ ಆಡಿಟರುಗಳ ಮೆಟ್ಟಿಲುಗಳನ್ನೆಲ್ಲ ಹತ್ತಿದೆ. ರಿಸೆಪ್ಷನ್ನಿನ ಹುಡುಗಿಯರು ಕಾರ್ಡು ಇಸಿದುಕೊಂಡು, "ಮೇಲ್ ಕಳ್ಸಿ ಮೇಡಮ್, ಸಾರ್ ನೋಡ್ತಾರೆ" ಎನ್ನುತ್ತಿದ್ದರು. ಮೇಲ್ ಕಳಿಸಿಯೇ ಬಂದಿದ್ದೇನೆ ಎಂದರೆ, "ಹಾಗಿದ್ರೆ ಇನ್ನೊಂದ್ಸಲ ಕಳ್ಸಿ" ಎನ್ನುತ್ತಿದ್ದರು. ಕೆಂಗೇರಿ ಕಡೆಯ ಒಂದು ಕಾಲೇಜಿನಲ್ಲಿ ಮಕ್ಕಳಿಗೆ ಕೆಲಸ ಕೊಡಿಸುವ ವಿಭಾಗದವರು ನನ್ನ ಮಾತನ್ನೆಲ್ಲ ಸಾವಧಾನವಾಗಿ ಕೇಳಿಸಿಕೊಂಡು, "ಎಲ್ರ ಹತ್ರಾನೂ ಮೊಬೈಲಿದೆಯಲ್ಲ ಮೇಡಮ್, ಗೋಡೆ ಮುಂದೆ ನಿಂತ್ಕೊಂಡು ತೆಕ್ಕೋತಾರೆ" ಎಂದರು. ಅವರ ಹಿಂದೆ ನಿಜವಾಗಿಯೂ ಒಳ್ಳೆಯ ಗೋಡೆ ಇತ್ತು.

ಮೇಲ್‌ಗಳಲ್ಲಿ ಒಂದು ಉಪಾಯ ಮಾಡಿದೆ. ಕಂಪನಿಗಳ ವೆಬ್‌ಸೈಟ್ ತೆಗೆದು ಅವರ ಫೋಟೋಗಳಲ್ಲಿ ಇರುವ ತಪ್ಪು ಹುಡುಕಿ, ಅದನ್ನು ಮರ್ಯಾದೆಯಿಂದ ಬರೆದು, ನಾನು ಸರಿಯಾಗಿ ತೆಗೆದುಕೊಡುತ್ತೇನೆ ಎನ್ನುವುದು. ಒಂದು ಸಣ್ಣ ಫ್ಯಾಕ್ಟರಿಯ ಮಾಲೀಕರ ಫೋಟೋ ಯಾವುದೋ ಸಮಾರಂಭದ ಗುಂಪು ಫೋಟೋದಿಂದ ಕತ್ತರಿಸಿದ್ದು. ಅವರ ಭುಜದ ಮೇಲೆ ಬೇರೆ ಯಾರದೋ ಬೆರಳುಗಳು ಉಳಿದುಕೊಂಡಿದ್ದವು. ಅದನ್ನು ಬರೆದೆ. ನಾನು ಕಳಿಸಿದ ಅಷ್ಟೂ ಮೇಲ್‌ಗಳಲ್ಲಿ ಮೊದಲು ಉತ್ತರ ಬಂದದ್ದು ಅದಕ್ಕೆ. "ಅದು ನಮ್ಮ ತಂದೆಯವರ ಕೈ. ಅವರು ಈಗಿಲ್ಲ. ಫೋಟೋ ಹಾಗೇ ಇರಲಿ." ಅಷ್ಟೇ ಇತ್ತು. ಅವತ್ತು ಮಧ್ಯಾಹ್ನವೇ ಶಟರ್ ಎಳೆದು ಮನೆಗೆ ಹೋದೆ. ಅದಾದ ಮೇಲೆ ಯಾರ ಫೋಟೋದಲ್ಲೂ ತಪ್ಪು ತೋರಿಸಿ ಬರೆಯಲಿಲ್ಲ.

ಅಪರೂಪಕ್ಕೆ ಬಂದ ಗಿರಾಕಿಯೊಬ್ಬರು, ಇನ್ಶೂರೆನ್ಸ್ ಏಜೆಂಟು, ಬುಧವಾರದ ಕೂಟದ ಬಗ್ಗೆ ಹೇಳಿ ಸೇರಿಸಿದರು. ಸೇರಿದ ಮೇಲೆ ನನ್ನ ಅರವತ್ತು ಸೆಕೆಂಡಿನ ಮಾತನ್ನು ವಾರವಿಡೀ ಅಭ್ಯಾಸ ಮಾಡುತ್ತಿದ್ದೆ. ಸ್ಕೂಟರ್ ಓಡಿಸುತ್ತಾ ಹೆಲ್ಮೆಟ್ಟಿನ ಒಳಗೇ, ಪಾತ್ರೆ ತೊಳೆಯುತ್ತಾ, ಸ್ಟುಡಿಯೊದಲ್ಲಿ ಖಾಲಿ ಸ್ಟೂಲಿನ ಕಡೆ ತಿರುಗಿಕೊಂಡು. ಒಂದು ಸೋಮವಾರ ಹಾಗೆ ಹೇಳಿಕೊಳ್ಳುವಾಗ ನನ್ನ ಗಂಟಲು ಕಟ್ಟಿದ್ದು ಗೊತ್ತಾಯಿತು. ಶೀತವೇನೂ ಇರಲಿಲ್ಲ. ನೆನಪು ಮಾಡಿಕೊಂಡರೆ, ಶನಿವಾರ ಸಂಜೆಯಿಂದ ನಾನು ಯಾರ ಜೊತೆಗೂ ಮಾತಾಡಿರಲಿಲ್ಲ.

ಮಾತಿಗೆ ಯಾರೂ ಇರಲೇ ಇಲ್ಲ ಎಂದರೆ ತಪ್ಪಾದೀತು. ಒಬ್ಬರಿದ್ದರು. ಶೆಡ್ಡಿನ ಎದುರು, ರಸ್ತೆಯ ಆಚೆ ಹೊಂಗೆ ಮರದ ಕೆಳಗೆ ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದ ಅಕ್ಕ. ಐವತ್ತೈದರ ಆಸುಪಾಸು. ಕುಣಿಗಲ್ ಕಡೆಯವರು, ಮದುವೆಯಾಗಿ ಬೆಂಗಳೂರಿಗೆ ಬಂದವರು, ಗಂಡ ಹೋದ ಮೇಲೆ ಗಾಡಿ ತಾವೇ ನಡೆಸುತ್ತಿದ್ದವರು. ನನ್ನ ಕೆಲಸಕ್ಕೂ ಅವರ ಕೆಲಸಕ್ಕೂ ಗಂಟು ಬಿದ್ದದ್ದು ಸುಕ್ಕುಗಳಿಂದ. ಕೆಂಗೇರಿಯಿಂದಲೋ ನಾಗರಭಾವಿಯಿಂದಲೋ ಬೈಕಿನಲ್ಲಿ ಬರುವ ಗಿರಾಕಿಯ ಷರ್ಟಿನ ಮೇಲೆ ಬ್ಯಾಗಿನ ಪಟ್ಟಿ ಒತ್ತಿ ಅಡ್ಡಕ್ಕೆ ಸುಕ್ಕು ಬಿದ್ದಿರುತ್ತಿತ್ತು. ಬರಿಗಣ್ಣಿಗೆ ಕಾಣದ್ದು ಲೈಟು ಬಿದ್ದಾಗ ಎದ್ದು ಕಾಣುತ್ತದೆ. ನಾನು ಗಿರಾಕಿಯನ್ನು ಪರದೆಯ ಹಿಂದೆ ಬನಿಯನ್ನಿನಲ್ಲಿ ಕೂರಿಸಿ, ಷರ್ಟು ಹಿಡಿದು ರಸ್ತೆ ದಾಟಿ ಓಡುತ್ತಿದ್ದೆ. ಅಕ್ಕ ಕೈಲಿದ್ದ ಬಟ್ಟೆ ಪಕ್ಕಕ್ಕೆ ಸರಿಸಿ, ನೀರು ಚಿಮುಕಿಸಿ, ಕೆಂಡದ ಪೆಟ್ಟಿಗೆ ಎರಡು ಸಲ ಎಳೆದು ಕೊಡುತ್ತಿದ್ದರು.

"ಇವತ್ತಾದ್ರೂ ಒಬ್ರು ಬಂದ್ರಾ ಮೇಡಮ್?"

"ಬಂದ್ರು ಅಕ್ಕ."

"ಯಾವ ಕೆಲ್ಸದೋರು?"

"ಬ್ಯಾಂಕು."

"ಷರ್ಟು ನೋಡಿದ್ರೆ ಗೊತ್ತಾಗುತ್ತೆ ಬಿಡಿ. ಒಳಗಡೆ ಕಾಲರ್ ನೋಡಿ, ಎಷ್ಟು ಉಜ್ಜಿದಾರೆ."

ಗಿರಾಕಿ ಇಲ್ಲದ ದಿನಗಳಲ್ಲಿ ರಸ್ತೆ ದಾಟಲು ನನ್ನ ಹತ್ತಿರ ಕಾರಣ ಇರುತ್ತಿರಲಿಲ್ಲ. ನಾನು ಶೆಡ್ಡಿನಲ್ಲಿ ಕೂತು ಅವರನ್ನು ನೋಡುತ್ತಿದ್ದೆ. ಅವರು ಬಟ್ಟೆ ನೋಡಿಕೊಂಡು ಇಸ್ತ್ರಿ ಎಳೆಯುತ್ತಿದ್ದರು.

ಮಳೆಗಾಲದಲ್ಲಿ ನನಗೆ ಡೆಂಗಿ ಬಂತು. ಭಾನುವಾರ ಮೈ ಬಿಸಿಯಾಯಿತು, ಸೋಮವಾರ ಎದ್ದು ನಿಲ್ಲಲು ಆಗಲಿಲ್ಲ. ಡಾಕ್ಟರು ಆಸ್ಪತ್ರೆಗೆ ಸೇರುವುದು ಬೇಡ, ಆದರೆ ವಾರವಿಡೀ ಮಲಗಿರಿ ಎಂದರು. ಮಲಗಿದೆ. ಮಲಗಿದ ಮೇಲೆ ಬುಧವಾರ ನೆನಪಾಯಿತು. ಆರು ತಿಂಗಳಲ್ಲಿ ಮೂರು ಸಲ ತಪ್ಪಿಸಿಕೊಂಡರೆ ಕೂಟದಲ್ಲಿ ನಮ್ಮ ಜಾಗ ಹೋಗುತ್ತದೆ. ಅಮ್ಮನ ತಿಥಿಗೆ ಒಂದು, ಸ್ಕೂಟರ್ ಕೆಟ್ಟಿದ್ದಕ್ಕೆ ಒಂದು, ಎರಡು ಆಗಲೇ ಆಗಿತ್ತು. ನನ್ನ ಜಾಗಕ್ಕೆ ಇನ್ನೊಬ್ಬ ಫೋಟೋಗ್ರಾಫರ್ ಅರ್ಜಿ ಹಾಕಿ ಕಾಯುತ್ತಿದ್ದಾರೆ ಎಂದೂ ಕೇಳಿದ್ದೆ. ಉಳಿಸಿಕೊಳ್ಳಲು ಒಂದೇ ದಾರಿ: ಬರಲಾಗದವರು ತಮ್ಮ ಬದಲಿಗೆ ಒಬ್ಬರನ್ನು ಕಳಿಸಬಹುದು. ಅವರು ಎದ್ದು ನಿಂತು ನಮ್ಮ ಪರವಾಗಿ ಅರವತ್ತು ಸೆಕೆಂಡು ಮಾತಾಡಿದರೆ ಹಾಜರಿ ಸಿಗುತ್ತದೆ. ಬೇರೆಯವರು ಹೆಂಡತಿಯನ್ನೋ ಭಾವಮೈದನನ್ನೋ ಕಳಿಸುತ್ತಿದ್ದರು.

ಜ್ವರದಲ್ಲಿ ಫೋನಿನ ಹೆಸರುಗಳನ್ನು ಮೇಲಿನಿಂದ ಕೆಳಗಿನವರೆಗೆ ಸರಿಸುತ್ತಾ ಹೋದೆ. ಗ್ಯಾಸ್ ಏಜೆನ್ಸಿ. ಲೈಟ್ ರಿಪೇರಿ. ಅಮ್ಮನ ಡಾಕ್ಟರು. ಅಮ್ಮನ ನಂಬರನ್ನೂ ಅಳಿಸಿರಲಿಲ್ಲ. ಅಣ್ಣ ದಾವಣಗೆರೆಯಲ್ಲಿದ್ದಾನೆ, ಅವನಿಗೆ ಜ್ವರದ ಸುದ್ದಿ ಹೇಳಿದರೆ ಅತ್ತಿಗೆಯನ್ನು ಹೊರಡಿಸುತ್ತಾನೆ, ಅದು ಅವರಿಬ್ಬರಿಗೂ ತೊಂದರೆ. ಹಳೆಯ ಸ್ಟುಡಿಯೊದಲ್ಲಿ ಜೊತೆಗಿದ್ದ ಗೆಳತಿಗೆ ಫೋನ್ ಮಾಡಿದೆ.

"ಅಯ್ಯೋ, ಬುಧವಾರ ಏಳು ಗಂಟೆಗಾ? ಮಗಳ ಸ್ಕೂಲ್ ಟೈಮು ಕಣೇ. ಮಧ್ಯಾಹ್ನ ಆದ್ರೆ ಬರ್ತಿದ್ದೆ" ಎಂದಳು. ಸುಳ್ಳಲ್ಲ, ಅವಳು ಬರುವವಳೇ. ಆದರೆ ಕೂಟ ಮಧ್ಯಾಹ್ನ ಇರಲಿಲ್ಲ.

ಹೆಸರುಗಳು ಮುಗಿದವು. ಬೆಂಗಳೂರಿನಲ್ಲಿ ಹದಿನೇಳು ವರ್ಷ ಇದ್ದು, ಇಷ್ಟು ಮುಖ ತೆಗೆದು, ಒಂದು ನಿಮಿಷ ನನ್ನ ಬದಲಿಗೆ ಎದ್ದು ನಿಲ್ಲುವವರು ಒಬ್ಬರೂ ಇಲ್ಲ ಎಂದು ಅವತ್ತು ಗೊತ್ತಾಯಿತು. ಫೋನನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಫ್ಯಾನು ನೋಡುತ್ತಾ ಮಲಗಿದ್ದೆ.

ಮಂಗಳವಾರ ಇಸ್ತ್ರಿ ಅಕ್ಕನೇ ಫೋನ್ ಮಾಡಿದರು. ಗಿರಾಕಿಯೊಬ್ಬರ ಕೋಟು ಅವರ ಹತ್ತಿರ ಉಳಿದಿತ್ತು.

"ಶಟರ್ ತೆಗ್ದೇ ಇಲ್ವಲ್ಲ ಮೇಡಮ್? ಕೋಟು ಇಲ್ಲೇ ಐತೆ. ಯಾರ್ಗೆ ಕೊಡ್ಲಿ?"

ಜ್ವರ ಎಂದೆ. ಎಷ್ಟು ದಿನದಿಂದ, ಏನು ತಿಂದಿರಿ ಎಂದು ಕೇಳಿದರು. ಹೇಳುತ್ತಾ ಹೇಳುತ್ತಾ ಬುಧವಾರದ ಕಥೆಯನ್ನೂ ಹೇಳಿಬಿಟ್ಟೆ. ಸಹಾಯ ಕೇಳಬೇಕೆಂದು ಹೇಳಿದ್ದಲ್ಲ, ಯಾರಿಗಾದರೂ ಹೇಳಬೇಕಿತ್ತು.

"ಎಷ್ಟೊತ್ತು ಮಾತಾಡ್ಬೇಕು?"

"ಒಂದೇ ನಿಮಿಷ ಅಕ್ಕ."

"ಅಷ್ಟೇನಾ? ನಾನೇ ಹೋಗ್ತೀನಿ ಬಿಡಿ. ಆದ್ರೆ ಬೆಳಗ್ಗೆ ಹೊತ್ತೇ ನಂಗೆ ಬಟ್ಟೆ ಜಾಸ್ತಿ. ಅವತ್ತಿನ ಕೂಲಿ ಕೊಡ್ಬೇಕು."

ಕೊಡುತ್ತೇನೆ ಎಂದೆ. ನನ್ನ ಮಾತನ್ನು ಫೋನಿನಲ್ಲೇ ಒಂದೊಂದು ಸಾಲಾಗಿ ಹೇಳಿಕೊಟ್ಟೆ. ಅವರು ನನ್ನ ಹಿಂದೆಯೇ ಹೇಳುತ್ತಾ ಬಂದರು. 'ಕಾರ್ಪೊರೇಟ್' ಎನ್ನುವಾಗ ಇಬ್ಬರಿಗೂ ಕಷ್ಟವಾಯಿತು. ಕೊನೆಗೆ ಅವರು, "ಆಫೀಸ್ನೋರ ಫೋಟೋ ಅಂತೀನಿ ತಗಳಿ" ಎಂದರು.

ಬುಧವಾರ ಹತ್ತು ಗಂಟೆಗೆ ಫೋನ್ ಬಂತು. "ಹೇಳ್ಬಂದೆ ಮೇಡಮ್. ವಡೆ ಚೆನ್ನಾಗಿತ್ತು." ಬೇರೇನೂ ಹೇಳಲಿಲ್ಲ. ಸಂಜೆ ಮಲ್ಲತ್ತಹಳ್ಳಿಗೆ ಬಸ್ಸಿನಲ್ಲಿ ಬಂದು, ಸ್ಟೀಲ್ ಡಬ್ಬಿಯಲ್ಲಿ ಗಂಜಿ ಕೊಟ್ಟು, ಕೂಲಿ ಇಸಿದುಕೊಂಡು ಹೋದರು.

ಮುಂದಿನ ಬುಧವಾರ ನಾನೇ ಹೋದೆ. ಒಳಗೆ ಕಾಲಿಟ್ಟ ಕೂಡಲೇ ಏನೋ ಬದಲಾಗಿದೆ ಅನ್ನಿಸಿತು. ಪಂಪ್‌ಸೆಟ್ಟಿನ ಹಿರಿಯರು ನನಗಾಗಿ ಕುರ್ಚಿ ಎಳೆದರು. ಯೂನಿಫಾರಂ ಹೊಲಿಸುವ ಮೇಡಮ್ ಬಂದು ನನ್ನ ಕೈ ಹಿಡಿದುಕೊಂಡು, "ಈಗ ಹೇಗಿದೀರಿ? ಏನ್ ಬೇಕಾದ್ರೂ ಹೇಳಿ, ಸಂಕೋಚ ಪಟ್ಕೋಬೇಡಿ" ಎಂದರು. ಎಂಟು ತಿಂಗಳಲ್ಲಿ ಯಾರೂ ನನ್ನ ಕೈ ಮುಟ್ಟಿರಲಿಲ್ಲ. ಅಧ್ಯಕ್ಷರು ಮಾತ್ರ ಸ್ವಲ್ಪ ಬಿಗಿಯಾಗಿ, "ಬದಲಿ ಕಳಿಸೋವಾಗ ಬಿಸಿನೆಸ್ ಗೊತ್ತಿರೋರನ್ನ ಕಳಿಸಿದ್ರೆ ಒಳ್ಳೇದು ಮೇಡಮ್" ಎಂದರು. ಕೂಟದ ಕೊನೆಯಲ್ಲಿ ಗಿರಾಕಿಗಳ ಹೆಸರು ಬರೆದ ಚೀಟಿ ಹಂಚುತ್ತಾರೆ. ನನಗೆ ಬರುತ್ತಿದ್ದದ್ದು ಅಪರೂಪಕ್ಕೆ ಒಂದು. ಅವತ್ತು ನಾಲ್ಕು ಬಂದವು. ನಾಲ್ಕರಲ್ಲೂ ಇದ್ದದ್ದು ಆ ಹಾಲಿನಲ್ಲೇ ಕೂತವರ ಹೆಸರು. ತಾವೇ ಫೋಟೋ ತೆಗೆಸಿಕೊಳ್ಳುತ್ತೇವೆ ಎಂದು ಬರೆದುಕೊಟ್ಟಿದ್ದರು.

ಮೆಟ್ಟಿಲಿಳಿಯುವಾಗ ಯೂನಿಫಾರಂ ಮೇಡಮ್ಮನ್ನು ಕೇಳಿದೆ, ಹೋದ ವಾರ ಏನಾಯಿತು ಎಂದು. ಅವರು ಮೆಟ್ಟಿಲ ನಡುವೆಯೇ ನಿಂತು, ನಡೆದದ್ದನ್ನು ನಡೆದಂತೆ ಹೇಳಿದರು.

ಅಕ್ಕ ಇಸ್ತ್ರಿ ಮಾಡಿದ ಹಳದಿ ಸೀರೆ ಉಟ್ಟುಕೊಂಡು ಬಂದಿದ್ದರಂತೆ. ನನ್ನ ಸರದಿ ಬಂದಾಗ ಎದ್ದು, ಕೈ ಮುಗಿದು, ಮೊದಲ ಸಾಲು ಶುರು ಮಾಡಿ ನಿಲ್ಲಿಸಿದರಂತೆ. "ಮರ್ತೋಯ್ತು ಸಾರ್. ನಾನು ಇವ್ರ ಅಂಗಡಿ ಎದುರು ಇಸ್ತ್ರಿ ಮಾಡ್ತೀನಿ. ಬಂದೋರ ಷರ್ಟು ಸುಕ್ಕಾಗಿದ್ರೆ ಮೇಡಮ್ಮು ಓಡ್ಬಂದು ಕೊಡ್ತಾರೆ. ಒಂದು ಫೋಟೋಗೆ ಒಂದು ಗಂಟೆ ನಿಲ್ತಾರೆ, ಬೆನ್ನು ಬಗ್ಗಿಸ್ಕೊಂಡು. ಕೆಲಸದಲ್ಲಿ ಮೋಸ ಇಲ್ಲ. ಆದ್ರೆ ಜನಾನೇ ಬರಲ್ಲ. ದಿನಾ ಬಾಗಿಲು ಎತ್ತಿ ರಸ್ತೆ ನೋಡ್ಕೊಂಡು ಕೂತಿರ್ತಾರೆ. ಈಗ ಜ್ವರ ಬಂದು ಮಲ್ಗವ್ರೆ. ಅವ್ರಿಗೆ ಯಾರೂ ಇಲ್ಲ ಸಾರ್. ಇದ್ದಿದ್ರೆ ನಾನ್ಯಾಕೆ ಬರ್ತಿದ್ದೆ?" ಅಷ್ಟರಲ್ಲಿ ಅಧ್ಯಕ್ಷರು ಗಂಟೆ ಬಾರಿಸಿದರಂತೆ. ಅಕ್ಕ ಕೈ ಎತ್ತಿ, "ಇರಿ ಸಾರ್, ಮುಗೀತು. ಇಸ್ತ್ರಿ ಬಟ್ಟೆ ಇದ್ರೆ ನಂಗೂ ಹೇಳಿ" ಎಂದು ಕೂತರಂತೆ.

"ನಮ್ಗೆಲ್ಲ ಒಂಥರಾ ಆಗೋಯ್ತು" ಎಂದರು ಯೂನಿಫಾರಂ ಮೇಡಮ್.

ಸ್ಕೂಟರ್ ಹತ್ತಿ ರಾಜಾಜಿನಗರದಿಂದ ಚಂದ್ರಾ ಲೇಔಟಿಗೆ ಹೇಗೆ ಬಂದೆ ಎಂದು ನೆನಪಿಲ್ಲ. ಗಾಡಿ ನಿಲ್ಲಿಸಿ ನೇರ ಹೊಂಗೆ ಮರದ ಕೆಳಗೆ ಹೋದೆ.

"ನಂಗೆ ಯಾರೂ ಇಲ್ಲ ಅಂತ ಯಾಕೆ ಹೇಳಿದ್ರಿ?"

ಅಕ್ಕ ಪೆಟ್ಟಿಗೆ ನಿಲ್ಲಿಸಲಿಲ್ಲ. "ಸುಳ್ಳಾ?"

"ಸುಳ್ಳೋ ನಿಜಾನೋ, ಅದು ಅಲ್ಲಿ ಹೇಳೋ ಮಾತಲ್ಲ."

"ಮತ್ತೆ ಎಲ್ಲಿ ಹೇಳ್ಬೇಕಿತ್ತು?"

"ನಾನು ಅಷ್ಟು ಚೆನ್ನಾಗಿ ಹೇಳ್ಕೊಟ್ಟಿದ್ದೆ" ಎಂದೆ. ನನಗೇ ಅದು ಚಿಕ್ಕ ಮಕ್ಕಳ ಮಾತಿನಂತೆ ಕೇಳಿಸಿತು.

"ಅದ್ನ ನೀವೇ ದಿನಾ ಹೇಳ್ತಿದ್ರಲ್ಲ. ಯಾರಾದ್ರೂ ಬಂದ್ರಾ?" ಎಂದು ಮಡಿಚಿದ ಪ್ಯಾಂಟನ್ನು ಗುಡ್ಡೆಯ ಮೇಲಿಟ್ಟರು.

ಆಮೇಲೆ ನಾಲ್ಕು ದಿನ ನಾನು ರಸ್ತೆ ದಾಟಲಿಲ್ಲ. ಶುಕ್ರವಾರ ಒಬ್ಬ ಗಿರಾಕಿ ಸುಕ್ಕು ಷರ್ಟಿನಲ್ಲಿ ಬಂದ. ಹಾಗೇ ತೆಗೆದೆ. ಸುಕ್ಕನ್ನು ಕಂಪ್ಯೂಟರಿನಲ್ಲಿ ಅಳಿಸುವುದರಲ್ಲಿ ಇಡೀ ಮಧ್ಯಾಹ್ನ ಹೋಯಿತು. ತಲೆ ಎತ್ತಿದಾಗಲೆಲ್ಲ ಎದುರಿಗೆ ಅಕ್ಕ ಕಾಣುತ್ತಿದ್ದರು. ನಾನು ಕೋಪ ಮಾಡಿಕೊಂಡಿದ್ದು ಗೊತ್ತೇ ಇಲ್ಲ ಎನ್ನುವಂತೆ ಯಾರ ಜೊತೆಗೋ ಜೋರಾಗಿ ನಗುತ್ತಿದ್ದರು.

ಆ ನಾಲ್ಕು ಚೀಟಿಗಳನ್ನು ವಾಪಸು ಕೊಟ್ಟುಬಿಡೋಣ ಎಂದು ಯೋಚಿಸಿದೆ. ಬೆಳಕು ಚೆನ್ನಾಗಿದೆ, ಕೆಲಸ ಚೆನ್ನಾಗಿದೆ ಎಂದು ಬರಬೇಕಾದವರು ಪಾಪ ಎಂದು ಬರುತ್ತಿದ್ದಾರೆ. ಕೊಡಲಿಲ್ಲ. ಕೊಡುವಷ್ಟು ಗಟ್ಟಿ ನಾನಾಗಿರಲಿಲ್ಲ.

ಮೊದಲು ಬಂದವರು ಪಂಪ್‌ಸೆಟ್ಟಿನ ಹಿರಿಯರು. ಸ್ಟೂಲಿನ ಮೇಲೆ ಕೂತು ಎರಡೂ ಕೈ ಮೊಣಕಾಲ ಮೇಲಿಟ್ಟು, ಪೊಲೀಸ್ ಸ್ಟೇಷನ್ನಿಗೆ ಬಂದವರಂತೆ ನೆಟ್ಟಗಾದರು. ಲೈಟು ಹಾಕಿದರೆ ಎಡಗಡೆ ಕಾಲರ್ ಮಡಿಚಿಕೊಂಡು ನಿಂತಿತ್ತು, ಕೈಯಿಂದ ಒತ್ತಿದರೆ ಕೂರುವಂಥದ್ದಲ್ಲ. ಅವರನ್ನು ಪರದೆಯ ಹಿಂದೆ ಕೂರಿಸಿ, ಷರ್ಟು ಹಿಡಿದು ಬಾಗಿಲಲ್ಲಿ ಒಂದು ಕ್ಷಣ ನಿಂತೆ. ಆಮೇಲೆ ರಸ್ತೆ ದಾಟಿದೆ.

ಅಕ್ಕ ಷರ್ಟು ಇಸಿದುಕೊಂಡರು. ಕಾಲರಿಗೆ ನೀರು ಚಿಮುಕಿಸಿ ಎಳೆದು, ಮಡಿಚದೆ ಹಾಗೇ ನನ್ನ ಕೈ ಮೇಲೆ ಹಾಕಿದರು. "ಬಿಸಿ ಐತೆ, ಹುಷಾರು" ಎಂದರು.

ವಾಪಸು ಬಂದು ಕ್ಯಾಮರಾ ಹಿಡಿದೆ. ಎಷ್ಟು ತೆಗೆದರೂ ಹಿರಿಯರ ಮುಖ ಬಿಗಿಯಾಗಿಯೇ ಇತ್ತು. ಗದ್ದ ಕೆಳಗೆ, ಭುಜ ಸಡಿಲ, ಏನು ಹೇಳಿದರೂ ಅಷ್ಟೇ. ಕೊನೆಗೆ ಅವರೇ ಕೇಳಿದರು.

"ಪಾಪ ಅಂತ ಬಂದಾನ ಅನ್ಕೊಂಡೀರೇನ್ರಿ?"

ಕ್ಯಾಮರಾದ ಹಿಂದೆ ಮುಖ ಇದ್ದಿದ್ದರಿಂದ ನಿಜ ಹೇಳುವುದು ಸುಲಭವಾಯಿತು. "ಹೌದು ಸಾರ್."

"ಹೌದ್ರಿ, ಪಾಪ ಅಂತನ ಬಂದೀನಿ. ಎಂಟು ತಿಂಗಳು ನಿಮ್ಮ ಬಾಜೂಕ ಕುಂತು ಇಡ್ಲಿ ತಿಂದೀನಿ. ನಿಮ್ಮ ಊರು ಯಾವ್ದು ಅಂತ ಒಂದಿನ ಕೇಳಿಲ್ಲ. ನನಗ ನಾಚಿಕಿ ಆತು." ಸ್ಟೂಲಿನ ಮೇಲೆಯೇ ಮುಂದಕ್ಕೆ ಬಾಗಿ, "ಯಾವ ಊರ್ರಿ?" ಎಂದರು.

"ದಾವಣಗೆರೆ."

"ಹೌದಾ? ನಂದು ಹರಿಹರ!"

ಎರಡು ಊರಿಗೂ ನಡುವೆ ಬಸ್ಸಿನಲ್ಲಿ ಕೂತು ಟಿಕೆಟ್ ತೆಗೆಸುವಷ್ಟರಲ್ಲಿ ಮುಗಿಯುವ ದಾರಿ. ಅವರ ಅಗಲವಾದ ಮುಖ ಪೂರ್ತಿ ಅರಳಿತು. ನಾನು ಕ್ಲಿಕ್ ಮಾಡಿದೆ. ನಾನು ತೆಗೆದ ಎಲ್ಲ ಮುಖಗಳಲ್ಲಿ ಅಂಥದ್ದು ಇನ್ನೊಂದು ಸಿಕ್ಕಿಲ್ಲ. ಅವರು ಅದನ್ನು ವಿಜಯನಗರದ ತಮ್ಮ ಅಂಗಡಿಯ ಬೋರ್ಡಿನ ಮೇಲೆ ಹಾಕಿಸಿದರು. ಆ ಬೋರ್ಡು ನೋಡಿ ಇಬ್ಬರು ಅಂಗಡಿಯವರು ಬಂದರು. ಅವರಲ್ಲಿ ಒಬ್ಬರ ಸೊಸೆ ಖಾಸಗಿ ಆಸ್ಪತ್ರೆಯೊಂದರಲ್ಲಿ ಆಡಳಿತ ನೋಡಿಕೊಳ್ಳುತ್ತಿದ್ದರು. ಆಸ್ಪತ್ರೆಯ ಡಾಕ್ಟರುಗಳದೆಲ್ಲ ಹೊಸದಾಗಿ ಫೋಟೋ ಬೇಕಾಗಿತ್ತು. ಲೈಟು, ಬೂದು ಬಟ್ಟೆ ಹೊತ್ತುಕೊಂಡು ಅಲ್ಲಿಗೇ ಹೋಗಿ ನಾಲ್ಕು ದಿನ ತೆಗೆದೆ. ಅಲ್ಲಿಂದ ಮುಂದಕ್ಕೆ ನಾನು ಮೇಲ್ ಬರೆಯುತ್ತಾ ಕೂರುವ ದಿನಗಳು ಕಡಿಮೆಯಾದವು.

ಅಕ್ಕನಿಗೆ ನನಗಿಂತ ಮೊದಲೇ ದಾರಿ ತೆರೆದಿತ್ತು. ಆ ಅರವತ್ತು ಸೆಕೆಂಡಿನ ಕೊನೆಯ ಮಾತನ್ನು ಯೂನಿಫಾರಂ ಮೇಡಮ್ ಮರೆತಿರಲಿಲ್ಲ. ದಸರಾ ರಜೆ ಮುಗಿದು ಶಾಲೆ ಶುರುವಾಗುವ ಮುಂಚೆ ಅವರಿಗೆ ಸಾವಿರಗಟ್ಟಲೆ ಷರ್ಟು ಇಸ್ತ್ರಿಯಾಗಬೇಕಿತ್ತು. ಒಂದು ದಿನ ಟೆಂಪೋದಲ್ಲಿ ಮೂಟೆಗಳು ಬಂದು ಹೊಂಗೆ ಮರದ ಕೆಳಗೆ ಇಳಿದವು. ಅಕ್ಕನ ತಂಗಿ ಬಂದು ಸೇರಿಕೊಂಡರು. ಗಾಡಿ ಸಾಲಲಿಲ್ಲ. ದೀಪಾವಳಿ ಕಳೆಯುವ ಹೊತ್ತಿಗೆ ಬಸವೇಶ್ವರನಗರದಲ್ಲಿ, ಯೂನಿಫಾರಂ ಮೇಡಮ್ಮನ ಗೋಡೌನಿಗೆ ಹತ್ತಿರ, ಒಂದು ಮಳಿಗೆ ಗೊತ್ತು ಮಾಡಿದ್ದರು.

ಹೋಗುವ ಮುಂಚೆ, "ನಂಗೂ ಒಂದು ಕಾರ್ಡ್ ಮಾಡ್ಸಬೇಕು ಮೇಡಮ್, ಫೋಟೋ ತಗೀರಿ" ಎಂದು ಶೆಡ್ಡಿಗೆ ಬಂದರು. ಅಷ್ಟು ದಿನದಲ್ಲಿ ಅವರು ಒಳಗೆ ಬಂದದ್ದು ಅದೇ ಮೊದಲು. ನಾನು ಸ್ಟೂಲು ಒರೆಸಿ, ಲೈಟು ಹಾಕಿ, ಕೂರಿ ಎಂದೆ.

"ನನ್ನ ಮುಖ ನೋಡಿ ಯಾರು ಬಟ್ಟೆ ಕೊಡ್ತಾರೆ? ಇದ್ರದ್ದು ತಗೀರಿ" ಎಂದು ಸೆರಗಿನ ಮರೆಯಿಂದ ಇಸ್ತ್ರಿ ಪೆಟ್ಟಿಗೆ ತೆಗೆದು ಸ್ಟೂಲಿನ ಮೇಲಿಟ್ಟರು. ಬೂದಿ ಒರೆಸಿ, ಹಿತ್ತಾಳೆ ಭಾಗವನ್ನು ಹುಣಸೆಹಣ್ಣಿನಲ್ಲಿ ಉಜ್ಜಿ ಫಳಫಳ ಮಾಡಿಕೊಂಡು ತಂದಿದ್ದರು. ನಾನು ಎಷ್ಟು ಹೇಳಿದರೂ ಕೂರಲಿಲ್ಲ. ಪೆಟ್ಟಿಗೆಯ ಫೋಟೋ ತೆಗೆದುಕೊಟ್ಟೆ. ಅವರ ಒಂದು ಫೋಟೋ ಕೂಡ ನನ್ನ ಹತ್ತಿರ ಇಲ್ಲ.

ಅವರು ಹೋದ ದಿನ ಗಾಡಿಯನ್ನು ಯಾರೋ ತಳ್ಳಿಕೊಂಡು ಹೋದರು. ಮರದ ಕೆಳಗೆ ಕೆಂಡ ಬಿದ್ದು ಕಪ್ಪಾದ ಜಾಗವಷ್ಟೇ ಉಳಿಯಿತು. ಮರುದಿನದಿಂದ ಅಲ್ಲಿ ಒಂದು ಕಾರು ನಿಲ್ಲತೊಡಗಿತು. ನಾನು ಸ್ಟೀಮ್ ಇಸ್ತ್ರಿ ಕೊಂಡು ಪರದೆಯ ಹಿಂದೆ ಇಟ್ಟುಕೊಂಡೆ. ಗಿರಾಕಿಗಳು ಬರುತ್ತಾರೆ, ಅವರ ಕಾಲರ್ ಸರಿ ಮಾಡುತ್ತೇನೆ, ಊರು ಯಾವುದು ಎಂದು ಕೇಳುತ್ತೇನೆ. ಹಿರಿಯರಿಂದ ಕಲಿತದ್ದು. ಕೇಳಿದರೆ ಮುಖ ಸಡಿಲವಾಗುತ್ತದೆ. ಮುಗಿದ ಮೇಲೆ ಅವರು ತಮ್ಮ ಫೋಟೋ ನೋಡಿಕೊಂಡು, ಥ್ಯಾಂಕ್ಸ್ ಹೇಳಿ, ಗಾಡಿ ಹತ್ತುತ್ತಾರೆ. ನನ್ನ ಊರು ಯಾವುದು ಎಂದು ಹಿರಿಯರ ನಂತರ ಯಾರೂ ಕೇಳಿಲ್ಲ. ಕೇಳಬೇಕಾದ್ದೂ ಇಲ್ಲ, ಅವರು ಫೋಟೋ ತೆಗೆಸಲು ಬಂದವರು. ಕೆಲಸ ಹೆಚ್ಚಾದರೆ ಒಂಟಿತನ ಹೋಗುತ್ತದೆ ಎಂದು ನಾನು ನಂಬಿಕೊಂಡಿದ್ದೆ. ಅದು ಹೋಗಲಿಲ್ಲ. ಹಗಲು ಹೊತ್ತು ಮರೆಯುವಷ್ಟಾಯಿತು, ಅಷ್ಟೇ.

ಸಂಕ್ರಾಂತಿಯ ಮುಂದಿನ ವಾರ ಒಂದು ಮಧ್ಯಾಹ್ನ ಎಳ್ಳುಬೆಲ್ಲ ಕಟ್ಟಿಕೊಂಡು ಬಸವೇಶ್ವರನಗರಕ್ಕೆ ಹೋದೆ. ಮಳಿಗೆ ಸಣ್ಣದು, ಆದರೆ ಒಳಗೆ ಮೂರು ಮೇಜು, ಮೂರು ಜನ. ಗೋಡೆಯುದ್ದಕ್ಕೂ ನೀಲಿ ಷರ್ಟುಗಳ ಗುಡ್ಡೆ. ಅಕ್ಕ ನನ್ನನ್ನು ನೋಡಿ ದೊಡ್ಡ ದನಿಯಲ್ಲಿ ಕರೆದು, ಮಡಿಚಿದ ಬಟ್ಟೆ ಎತ್ತಿ ಕುರ್ಚಿ ಖಾಲಿ ಮಾಡಿಕೊಟ್ಟರು. ತಂಗಿಯನ್ನು ಟೀ ತರಲು ಕಳಿಸಿದರು.

"ಸೊರಗಿದೀರಲ್ಲಮ್ಮ. ಊಟ ಮಾಡ್ತೀರೋ ಇಲ್ವೋ?"

ಮಾಡುತ್ತೇನೆ ಎಂದೆ. ಆಸ್ಪತ್ರೆಯ ಕೆಲಸ, ಹಿರಿಯರ ಬೋರ್ಡು, ಹೇಳಬೇಕಾದದ್ದು ಬಹಳ ಇತ್ತು. ಹೇಳಲು ಶುರು ಮಾಡುವಷ್ಟರಲ್ಲಿ ಅವರ ಫೋನ್ ಬಂತು. ಯಾವುದೋ ಶಾಲೆಯವರು, ಸೋಮವಾರದ ಬದಲು ಶನಿವಾರವೇ ಬೇಕು ಎನ್ನುತ್ತಿದ್ದರು. ಅಕ್ಕ ಫೋನನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು, ಮಾತಾಡುತ್ತಲೇ ಎರಡು ಷರ್ಟು ಮುಗಿಸಿದರು. ನಾನು ಟೀ ಕುಡಿದೆ. ಫೋನ್ ಇಟ್ಟ ಮೇಲೆ ಇನ್ನೊಂದು ಬಂತು.

ಲೋಟ ಕೆಳಗಿಟ್ಟು ಎದ್ದೆ. ಅವರು ಫೋನಿನ ಮೇಲೆ ಕೈ ಮುಚ್ಚಿ, "ಇರಿ ಮೇಡಮ್, ಐದೇ ನಿಮಿಷ" ಎಂದರು.

"ಇಲ್ಲ ಅಕ್ಕ, ಮೂರು ಗಂಟೆಗೆ ಒಬ್ರು ಬರ್ತಾರೆ" ಎಂದೆ. ಮೂರಕ್ಕೆ ಯಾರೂ ಬರುವವರಿರಲಿಲ್ಲ. ಆದರೂ ನೇರ ಚಂದ್ರಾ ಲೇಔಟಿಗೆ ಹೋಗಿ ಶಟರ್ ಎತ್ತಿದೆ. ನಾಲ್ಕರ ಹೊತ್ತಿಗೆ ಮಲ್ಲತ್ತಹಳ್ಳಿ ಕೆರೆಯ ಕಡೆಯಿಂದ ಒಬ್ಬ ಹುಡುಗಿ ವಿಳಾಸ ಕೇಳುತ್ತಾ ಬಂದಳು. ಮೊದಲ ಕೆಲಸದ ಅರ್ಜಿಗೆ ಫೋಟೋ ಬೇಕಿತ್ತಂತೆ. ಕೂರಿಸಿ, ಲೈಟು ಹಾಕಿದೆ.